ಬಿ.ಕಾಂ ಅರ್ಧಕ್ಕೆ ಬಿಟ್ಟಿದ್ದೆ, ಈಗ ಕಮ್ಯುನಿಟಿ ಕಾಲೇಜು. ಸ್ಯಾನ್ ಹೊಸೆ ಸ್ಟೇಟ್‌ಗೆ ಎಷ್ಟು ಕ್ರೆಡಿಟ್ ದಾಟುತ್ತವೆ?

ಸಕಲೇಶಪುರದವಳು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಕ್ಯಾಲಿಫೋರ್ನಿಯಾದ ಸನಿವೇಲ್‌ನಲ್ಲಿದ್ದೇನೆ, ಊರು ಸಕಲೇಶಪುರ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಹಾಸನದಲ್ಲಿ ಬಿ.ಕಾಂ ಓದುತ್ತಿದ್ದೆ, ಮೈಸೂರು ವಿಶ್ವವಿದ್ಯಾನಿಲಯದ ಕೆಳಗೆ. ನಾಲ್ಕು ಸೆಮಿಸ್ಟರ್ ಪಾಸಾಗಿತ್ತು. 2013ರಲ್ಲಿ ಮದುವೆಯಾಯಿತು. 'ಅಲ್ಲಿ ಹೋಗಿ ಮುಗಿಸಿದರಾಯ್ತು ಬಿಡು' ಎಂದರು ಎಲ್ಲರೂ. ಇಲ್ಲಿ ಬಂದೆ, ಇಬ್ಬರು ಮಕ್ಕಳಾದರು, ಓದು ಅಲ್ಲೇ ನಿಂತಿತು. ಈಗ ಚಿಕ್ಕವನೂ ಸ್ಕೂಲಿಗೆ ಹೋಗುತ್ತಾನೆ. ಎಚ್-4 (ಗಂಡನ ವೀಸಾದ ಜೊತೆಗಿನ ವೀಸಾ) ಮೇಲೆ ಇಎಡಿ, ಅಂದರೆ ಕೆಲಸದ ಪರವಾನಗಿ, ಬಂದಿದೆ. ಎರಡು ವರ್ಷದಿಂದ ಹತ್ತಿರದ ಕಮ್ಯುನಿಟಿ ಕಾಲೇಜಿನಲ್ಲಿ (ಡಿಗ್ರಿಯ ಮೊದಲ ಎರಡು ವರ್ಷ ಓದುವ ಸರ್ಕಾರಿ ಕಾಲೇಜು) ಸಂಜೆ ಹೊತ್ತು ಒಂದೊಂದೇ ಕ್ಲಾಸ್ ತಗೊಳ್ಳುತ್ತಿದ್ದೇನೆ. ಕ್ವಾರ್ಟರ್ ಪದ್ಧತಿಯ ಕಾಲೇಜು, ಅಂದರೆ ಸೆಮಿಸ್ಟರ್‌ಗಿಂತ ಚಿಕ್ಕ ಅವಧಿಗಳು.

ಇಲ್ಲಿಯವರೆಗೆ ಆಗಿದ್ದು ಏಳು ಕ್ಲಾಸ್, ಯೂನಿಟ್ (ಕ್ರೆಡಿಟ್) ಲೆಕ್ಕ ಹೀಗಿದೆ. ಇಂಗ್ಲಿಷ್ ಕಾಂಪೊಸಿಷನ್ 5, ಸ್ಟ್ಯಾಟಿಸ್ಟಿಕ್ಸ್ 5, ಅಕೌಂಟಿಂಗ್ ಮೊದಲ ಎರಡು ಭಾಗ 10, ಮೈಕ್ರೋ ಎಕನಾಮಿಕ್ಸ್ 4, ಪೇರೋಲ್ (ಸಂಬಳದ ಲೆಕ್ಕ) 3, ಕ್ವಿಕ್‌ಬುಕ್ಸ್ (ಲೆಕ್ಕ ಬರೆಯುವ ಸಾಫ್ಟ್‌ವೇರ್) 2. ಒಟ್ಟು 29 ಯೂನಿಟ್. ಕೊನೆಯ ಎರಡನ್ನು ಯಾರನ್ನೂ ಕೇಳದೆ ನಾನೇ ತಗೊಂಡೆ. ಹೆಸರು ನೋಡಿದರೆ ಕೆಲಸ ಬೇಗ ಸಿಗುವ ಹಾಗಿತ್ತು.

ಮೊನ್ನೆ ಯುಗಾದಿ ಊಟದಲ್ಲಿ ಪರಿಚಯದವರೊಬ್ಬರು 'ನಿಮ್ಮ 29 ಅಲ್ಲಿ 19 ಆಗುತ್ತೆ' ಎಂದರು. ಒಬ್ಬಟ್ಟು ಗಂಟಲಲ್ಲೇ ನಿಂತಿತು. ಹತ್ತು ಯೂನಿಟ್ ಎಲ್ಲಿ ಹೋಯಿತು? ಎರಡು ವರ್ಷ ಮಕ್ಕಳನ್ನು ಗಂಡನ ಕೈಗೆ ಕೊಟ್ಟು ಓಡಿದ್ದೇನೆ.

ನನಗೆ ಸ್ಯಾನ್ ಹೊಸೆ ಸ್ಟೇಟ್‌ನಲ್ಲಿ ಅಕೌಂಟಿಂಗ್ ಡಿಗ್ರಿ ಮಾಡಬೇಕು. ಇವುಗಳಲ್ಲಿ ಏನೇನು ದಾಟುತ್ತದೆ? ಊರಲ್ಲಿ ಮಾಡಿದ ಎರಡು ವರ್ಷದ ಬಿ.ಕಾಂ ಸ್ವಲ್ಪವಾದರೂ ಉಪಯೋಗಕ್ಕೆ ಬರುತ್ತಾ? ಇಲ್ಲ, ಅದನ್ನು ಹೇಳದೇ ಇರುವುದೇ ವಾಸಿಯಾ?

ಬೇ ಏರಿಯಾ ಬಸವ:

ಚಿಂತೆ ಬಿಡಿ ಮೇಡಂ. ಕ್ಯಾಲಿಫೋರ್ನಿಯಾದಲ್ಲಿ ಸರ್ಕಾರಿ ಕಾಲೇಜಿಂದ ಸರ್ಕಾರಿ ಯುನಿವರ್ಸಿಟಿಗೆ ಎಲ್ಲ ದಾಟುತ್ತದೆ. ನಮ್ಮ ಅಣ್ಣನ ಮಗ ಹಾಗೇ ಹೋದ. 90 ಕ್ವಾರ್ಟರ್ ಯೂನಿಟ್ ತುಂಬಿಸಿ, ಅರ್ಜಿ ಹಾಕಿ, ಮುಗೀತು.

ತಿಪಟೂರು ಕೊಬ್ಬರಿ:

ಬಸವ ಅವರು ಹೇಳಿದ್ದು ಸುಳ್ಳಲ್ಲ. ಆದರೆ ಸರಿಯಾಗಿ ಇದೇ ಮಾತನ್ನು ನಂಬಿ ನಾನು ಒಂದು ವರ್ಷ ಕಳೆದುಕೊಂಡೆ. ಹಾಗಾಗಿ ಸಕಲೇಶಪುರದವರೇ, ಒಂದು ಲೋಟ ಕಾಫಿ ಮಾಡಿಕೊಂಡು ಕೂತು ಓದಿ.

ಮೊದಲು ನಿಮ್ಮ ಹತ್ತು ಯೂನಿಟ್. ಅದು ಎಲ್ಲೂ ಹೋಗಿಲ್ಲ. ಸೇರಲ್ಲಿ ಅಳೆದ ಅಕ್ಕಿಯನ್ನು ಕೇಜಿಯಲ್ಲಿ ತೂಗಿದ ಹಾಗೆ. ನಿಮ್ಮ ಕಾಲೇಜು ಕ್ವಾರ್ಟರ್, ಸ್ಯಾನ್ ಹೊಸೆ ಸ್ಟೇಟ್ ಸೆಮಿಸ್ಟರ್. ಒಂದು ಕ್ವಾರ್ಟರ್ ಯೂನಿಟ್ ಅಂದರೆ ಸೆಮಿಸ್ಟರ್ ಲೆಕ್ಕದಲ್ಲಿ ಮೂರರಲ್ಲಿ ಎರಡು ಭಾಗ. 29ನ್ನು ಎರಡರಿಂದ ಗುಣಿಸಿ ಮೂರರಿಂದ ಭಾಗಿಸಿ, 19.33 ಬರುತ್ತದೆ. ಅಲ್ಲಿ ಕೇಳುವುದು 60, ನಿಮ್ಮ ಲೆಕ್ಕದಲ್ಲಿ ಅದೇ 90. ಅಕ್ಕಿ ಅಷ್ಟೇ ಇದೆ. ಒಬ್ಬಟ್ಟು ನುಂಗಿ.

ನಿಜವಾದ ತೊಂದರೆ ಬೇರೆ ಇದೆ. ದಾಟುವುದು ಬೇರೆ, ಲೆಕ್ಕಕ್ಕೆ ಸೇರುವುದು ಬೇರೆ. ನನ್ನ ಕಥೆ ಹೇಳಿದರೆ ಅರ್ಥವಾಗುತ್ತದೆ.

ನಾನು ಓದು ಶುರು ಮಾಡಿದ್ದು ಟೆಕ್ಸಾಸ್‌ನಲ್ಲಿ, 36ನೇ ವಯಸ್ಸಿನಲ್ಲಿ. ಆಗ ಡಲ್ಲಾಸ್ ಕಡೆ ಇದ್ದೆವು. ಅಲ್ಲಿನ ಸರ್ಕಾರಿ ಕಾಲೇಜುಗಳಲ್ಲಿ ಯಾವ ಡಿಗ್ರಿ ಮಾಡಿದರೂ ಅಮೆರಿಕದ ಇತಿಹಾಸ ಓದಬೇಕು, ಕೇಂದ್ರ ಸರ್ಕಾರದ ಬಗ್ಗೆ ಓದಬೇಕು, ಟೆಕ್ಸಾಸ್ ಸರ್ಕಾರದ ಬಗ್ಗೆಯೂ ಓದಬೇಕು. ಓದಿದೆ. ಟೆಕ್ಸಾಸ್ ಶಾಸನಸಭೆ ಎರಡು ವರ್ಷಕ್ಕೊಮ್ಮೆ ಸೇರುತ್ತದೆ, ಮಾಮೂಲಿ ಅಧಿವೇಶನ 140 ದಿನ ಮೀರುವ ಹಾಗಿಲ್ಲ. ಈಗಲೂ ಬಾಯಿಪಾಠ. 'ಎ' ಬಂದಿತ್ತು. ಅಷ್ಟರಲ್ಲಿ ನಮ್ಮವರಿಗೆ ಕ್ಯಾಲಿಫೋರ್ನಿಯಾದಲ್ಲಿ ಕೆಲಸ ಆಯಿತು.

ಇಲ್ಲಿಗೆ ಬಂದ ಮೇಲೆ ಒಂದು ಕಡೆ ಕೌಂಟರಿನಲ್ಲಿ ಟ್ರಾನ್ಸ್‌ಕ್ರಿಪ್ಟ್ (ಓದಿದ ಕ್ಲಾಸ್, ಅಂಕಗಳ ದಾಖಲೆ) ತೋರಿಸಿದೆ. ನೋಡಿ, 'ಎಲ್ಲ ಟ್ರಾನ್ಸ್‌ಫರ್ ಆಗುತ್ತದೆ' ಎಂದರು. ಕುಣಿದುಕೊಂಡು ಮನೆಗೆ ಬಂದೆ. ಆಗಿದ್ದೂ ನಿಜ. ಎಲ್ಲ ಯೂನಿಟ್ ದಾಟಿದವು. ಆದರೆ ಸಿಎಸ್‌ಯುನಲ್ಲಿ (ಕ್ಯಾಲಿಫೋರ್ನಿಯಾ ಸ್ಟೇಟ್ ಯುನಿವರ್ಸಿಟಿ, ಸ್ಯಾನ್ ಹೊಸೆ ಸ್ಟೇಟ್ ಅದರಲ್ಲೊಂದು) ಡಿಗ್ರಿ ಬೇಕೆಂದರೆ ಅಮೆರಿಕದ ಇತಿಹಾಸ, ಸಂವಿಧಾನದ ಜೊತೆಗೆ ಕ್ಯಾಲಿಫೋರ್ನಿಯಾದ ಸರ್ಕಾರದ ಬಗ್ಗೆ ಓದಿರಬೇಕು. ಟೆಕ್ಸಾಸ್ ಅಧಿವೇಶನ ಎಷ್ಟು ದಿನ ಅಂತ ಇಲ್ಲಿ ಯಾರಿಗೆ ಬೇಕು? ಮೂರು ಯೂನಿಟ್ ಇಲೆಕ್ಟಿವ್ ಎಂದು ಕೂತಿತು. ಇನ್ನೆರಡು ಕ್ಲಾಸಿಗೂ ಅದೇ ಗತಿ.

ನೀವು ಬಿ.ಕಾಂ ಓದಿದವರು, ನಿಮಗೆ ಥಟ್ಟನೆ ತಿಳಿಯುತ್ತದೆ. ಟ್ಯಾಲಿ ಆಗದ ದುಡ್ಡನ್ನು ಸಸ್ಪೆನ್ಸ್ ಅಕೌಂಟ್‌ಗೆ ಹಾಕುತ್ತೇವಲ್ಲ, ಇಲೆಕ್ಟಿವ್ ಅಂದರೆ ಅದೇ. ಪುಸ್ತಕದಲ್ಲಿ ಮೊತ್ತ ಇರುತ್ತದೆ, ಯಾವ ಸಾಲವೂ ತೀರಿರುವುದಿಲ್ಲ. ಪೂರ್ತಿ ದಂಡ ಅಂತಲ್ಲ. 60 ತುಂಬಿಸುವಾಗ ಅದೂ ಬೇಕಾಗುತ್ತದೆ. ಆದರೆ ಸಸ್ಪೆನ್ಸ್ ಅಕೌಂಟ್ ದಪ್ಪ ಆಗುತ್ತಾ ಹೋದರೆ ಏನೋ ಎಡವಟ್ಟಾಗಿದೆ ಅಂತಲೇ ಅರ್ಥ, ಅಲ್ವಾ?

ಪ್ರತಿ ಕ್ಲಾಸಿಗೂ ಮೂರು ಪ್ರಶ್ನೆ ಕೇಳಿಕೊಳ್ಳಿ. ದಾಟುತ್ತದಾ? ಸಾಮಾನ್ಯ ಶಿಕ್ಷಣದ (ಯಾವ ಡಿಗ್ರಿಗಾದರೂ ಓದಲೇಬೇಕಾದ ವಿಷಯಗಳು) ಯಾವುದಾದರೂ ಖಾನೆ ತುಂಬುತ್ತದಾ? ಅಕೌಂಟಿಂಗ್ ಮೇಜರ್‌ಗೆ (ಮುಖ್ಯ ವಿಷಯ) ಬೇಕಾದ ಯಾವುದಾದರೂ ಕ್ಲಾಸಿನ ಬದಲಿಗೆ ನಿಲ್ಲುತ್ತದಾ? ಉತ್ತರ ಹೇಳಲು ನಾನೂ ಬೇಡ, ಯುಗಾದಿ ಊಟದವರೂ ಬೇಡ. ಅಸಿಸ್ಟ್ ಎಂಬ ವೆಬ್‌ಸೈಟ್ ಇದೆ, ಅಸಿಸ್ಟ್ ಡಾಟ್ ಆರ್ಗ್. ಕ್ಯಾಲಿಫೋರ್ನಿಯಾದ ಸರ್ಕಾರಿ ಕಾಲೇಜುಗಳಿಗೆ ಅದೇ ಅಧಿಕೃತ ಪಂಚಾಂಗ. ನಿಮ್ಮ ಕಾಲೇಜು, ಹೋಗಬೇಕಾದ ಯುನಿವರ್ಸಿಟಿ, ವರ್ಷ, ಮೇಜರ್ ಹಾಕಿ. ಎಡಗಡೆ ಯುನಿವರ್ಸಿಟಿ ಕೇಳುವ ಕ್ಲಾಸ್, ಬಲಗಡೆ ಅದಕ್ಕೆ ಸಮನಾದ ನಿಮ್ಮ ಕಾಲೇಜಿನ ಕ್ಲಾಸ್. ನಡುವೆ 'ಆ್ಯಂಡ್', 'ಆರ್' ಎಂದು ಚಿಕ್ಕದಾಗಿ ಬರೆದಿರುತ್ತದೆ. ಅದನ್ನು ಕನ್ನಡಕ ಹಾಕಿಕೊಂಡು ಓದಿ.

ಯಾಕೆಂದರೆ ಕ್ವಾರ್ಟರ್ ಕಾಲೇಜಿನಲ್ಲಿ ಅಕೌಂಟಿಂಗ್ ಮೂರು ತುಂಡು, ಸೆಮಿಸ್ಟರ್ ಕಡೆ ಎರಡೇ. ಮೊದಲ ಎರಡು ತುಂಡು ಸೇರಿದರೆ ಅಲ್ಲಿನ ಒಂದು ಫೈನಾನ್ಷಿಯಲ್ ಅಕೌಂಟಿಂಗ್. ಮೂರನೆಯದು ಮ್ಯಾನೇಜೀರಿಯಲ್. ನನಗೆ ಹಾಗೆ ಇತ್ತು. ನೀವು ಎರಡೂ ಮುಗಿಸಿದ್ದೀರಿ, ಒಳ್ಳೆಯದಾಯಿತು. ಒಂದೇ ಮುಗಿಸಿ ಹೋಗಿದ್ದರೆ ಸೊನ್ನೆ. ಮೂರನೆಯದನ್ನೂ ಅಲ್ಲೇ ಮಾಡಿ. ಸಮಯ ಹೊಂದುತ್ತದೆ ಎಂದು ನಡುವೆ ಪಕ್ಕದೂರಿನ ಸೆಮಿಸ್ಟರ್ ಕಾಲೇಜಿಗೆ ಹಾರಬೇಡಿ. ಕ್ಯಾಲ್ಕುಲಸ್ ಕೂಡ ಹೀಗೆ, ಇಲ್ಲಿ ನಾಲ್ಕು ತುಂಡು, ಅಲ್ಲಿ ಮೂರು. ಇಂಜಿನಿಯರಿಂಗ್ ಮಕ್ಕಳು ಎಷ್ಟೋ ಜನ ಇದರಲ್ಲೇ ಸಿಕ್ಕಿಬೀಳುತ್ತಾರೆ.

ಈಗ ನಿಮ್ಮ ಏಳು. ಇಂಗ್ಲಿಷ್, ಸ್ಟ್ಯಾಟಿಸ್ಟಿಕ್ಸ್, ಮೈಕ್ರೋ, ಅಕೌಂಟಿಂಗ್ ಎರಡು, ಐದೂ ಗಟ್ಟಿ ಕಾಳು ಎಂದೇ ನನ್ನ ಅಂದಾಜು. ಅಸಿಸ್ಟ್‌ನಲ್ಲಿ ಒಮ್ಮೆ ನೋಡಿಕೊಳ್ಳಿ. ಪೇರೋಲ್, ಕ್ವಿಕ್‌ಬುಕ್ಸ್ ಸಸ್ಪೆನ್ಸ್ ಅಕೌಂಟ್‌ಗೆ ಹೋಗಬಹುದು, ಅದೂ ಇಲ್ಲದೆ ಇರಬಹುದು. ಯೂನಿಟ್‌ಗೆ 31 ಡಾಲರ್‌ನಂತೆ 155 ಡಾಲರ್. ದುಡ್ಡಿಗಿಂತ ಆ ಸಂಜೆಗಳು ಹೋದವಲ್ಲ ಅನ್ನಿಸುತ್ತದೆ, ಗೊತ್ತು. ಆದರೆ ಕೆಲಸಕ್ಕೆ ಅರ್ಜಿ ಹಾಕುವಾಗ ಕ್ವಿಕ್‌ಬುಕ್ಸ್ ಗೊತ್ತು ಎನ್ನುವುದು ಸುಮ್ನೆ ಮಾತಲ್ಲ. ನನಗೆ ಮೊದಲ ಕೆಲಸ ಸಿಕ್ಕಿದ್ದೇ ಅದರಿಂದ. ಯಾವ ಯುನಿವರ್ಸಿಟಿಯೂ ಅದಕ್ಕೆ ಕ್ರೆಡಿಟ್ ಕೊಡಲಿಲ್ಲ.

ಇನ್ನೊಂದು ಆಸೆ ಹುಟ್ಟುತ್ತದೆ, ಹೇಳಿಬಿಡುತ್ತೇನೆ. ಕಮ್ಯುನಿಟಿ ಕಾಲೇಜಿನಲ್ಲಿ ಇಂಟರ್‌ಮೀಡಿಯೇಟ್ ಅಕೌಂಟಿಂಗ್ ಕಾಣಿಸುತ್ತದೆ. ಅಗ್ಗ ಎಂದು ಇಲ್ಲೇ ಮುಗಿಸೋಣ ಅನ್ನಿಸುತ್ತದೆ. ಡಿಗ್ರಿಗೆ ಬೇಕಾದ ಮೇಲಿನ ಎರಡು ವರ್ಷದ ಯೂನಿಟ್ ಎಂದು ಅದನ್ನು ಲೆಕ್ಕ ಹಿಡಿಯುವುದಿಲ್ಲ. ಅದೇ ಕ್ಲಾಸನ್ನು ಸಿಪಿಎ (ನಮ್ಮೂರ ಸಿಎ ಥರದ್ದು) ಲೈಸೆನ್ಸ್ ಕೊಡುವ ಬೋರ್ಡು ಮಾತ್ರ ಅಕೌಂಟಿಂಗ್ ಯೂನಿಟ್ ಎಂದು ಒಪ್ಪುತ್ತದೆ. ಆದ್ದರಿಂದ ಡಿಗ್ರಿ ಆದ ಮೇಲೆ ಸಿಪಿಎಗೆ ಯೂನಿಟ್ ಕಡಿಮೆ ಬಿದ್ದರೆ ಆಗ ಮಾಡಿ. ಈಗ ಬೇಡ.

ಊರಿನ ಬಿ.ಕಾಂ ಬಗ್ಗೆ. ಮುಚ್ಚಿಡಲೇಬೇಡಿ. ಅರ್ಜಿಯಲ್ಲಿ ಹಿಂದೆ ಓದಿದ ಎಲ್ಲ ಕಾಲೇಜೂ ಬರೆಯಬೇಕು, ಪಾಸೋ ಫೇಲೋ, ಭಾರತದ್ದೋ ಅಮೆರಿಕದ್ದೋ. ಬಿಟ್ಟರೆ ಆಮೇಲೆ ಸೀಟೇ ಹೋಗಬಹುದು. ಆದರೆ ಅದರಿಂದ ಏನೋ ಆಗುತ್ತದೆ ಎಂದು ಕನಸೂ ಕಾಣಬೇಡಿ. ಸಾಮಾನ್ಯ ಶಿಕ್ಷಣಕ್ಕೆ ಈಗ ಕ್ಯಾಲ್-ಗೆಟ್‌ಸಿ ಎಂಬ ಒಂದೇ ಪಟ್ಟಿ ಇದೆ. 2025ರ ಫಾಲ್‌ನಿಂದ ಬಂತು. ಸಿಎಸ್‌ಯು, ಯುಸಿ (ಯುನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ) ಎರಡಕ್ಕೂ ಅದೇ. ಆ ಪಟ್ಟಿಯ ಖಾನೆಗಳನ್ನು ತುಂಬಲು ನಮ್ಮೂರ ಕಾಲೇಜಿನ ಪೇಪರ್ ಹಾಕುವ ಹಾಗಿಲ್ಲ. ಆದ್ದರಿಂದ ಬಿ.ಕಾಂ ಅನ್ನು ಯೂನಿಟ್ ಸಂಖ್ಯೆ ತುಂಬುವ ಸಾಮಾನು ಎಂದುಕೊಳ್ಳಿ. ಸಿಕ್ಕಿದರೆ ಲಾಭ.

ಕೊನೆಗೆ ಗೋಲ್ಡನ್ ಫೋರ್. ಇಂಗ್ಲಿಷ್ ಬರವಣಿಗೆ, ಮಾತು, ಕ್ರಿಟಿಕಲ್ ಥಿಂಕಿಂಗ್, ಗಣಿತ. ಈ ನಾಲ್ಕು ಇಲ್ಲದೆ ಸಿಎಸ್‌ಯು ಒಳಗೇ ಬಿಡುವುದಿಲ್ಲ, ನಾಲ್ಕರಲ್ಲೂ ಸಿ ಮೈನಸ್‌ಗಿಂತ ಕೆಳಗೆ ಇಳಿಯಬಾರದು. ಸ್ಟ್ಯಾಟಿಸ್ಟಿಕ್ಸ್ ಗಣಿತದ ಖಾನೆಗೆ ನಡೆಯುತ್ತದೆ. ಅಂದರೆ ನಿಮಗೆ ಎರಡು ಬಾಕಿ. ಸ್ಪೀಚ್ ಕ್ಲಾಸ್ ಹೆಸರು ಕೇಳಿಯೇ ನನಗೆ ಹೊಟ್ಟೆ ತೊಳಸಿತ್ತು. ನಾಲ್ಕು ಸಲ ರಿಜಿಸ್ಟರ್ ಮಾಡಿ ಮೂರು ಸಲ ಬಿಟ್ಟೆ. ಕೊನೆಗೆ ಫಿಲ್ಟರ್ ಕಾಫಿ ಹೇಗೆ ಮಾಡುವುದು ಎಂದು ಆರು ನಿಮಿಷ ಮಾತಾಡಿದೆ. ಇಪ್ಪತ್ತು ವರ್ಷದ ಹುಡುಗರೆಲ್ಲ ಸಾಲಾಗಿ ಬಂದು ಡಿಕಾಕ್ಷನ್ ಮೂಸಿ ಹೋದರು.

ಬಿಸಿನೆಸ್‌ನಲ್ಲಿ ಟ್ರಾನ್ಸ್‌ಫರ್ ಡಿಗ್ರಿ (ಸಿಎಸ್‌ಯುಗೆ ದಾಟಲೆಂದೇ ಇರುವ ಎರಡು ವರ್ಷದ ಡಿಗ್ರಿ) ಇದೆಯಾ ನಿಮ್ಮ ಕಾಲೇಜಿನಲ್ಲಿ ನೋಡಿ. 2010ರ ಕಾನೂನಿನಿಂದ ಬಂದದ್ದು. ಅದು ಇದ್ದರೆ ಸಿಎಸ್‌ಯುನಲ್ಲಿ ಎಲ್ಲಾದರೂ ಒಂದು ಸೀಟು ಖಾತ್ರಿ. ಸ್ಯಾನ್ ಹೊಸೆಯಲ್ಲೇ ಖಾತ್ರಿ ಅಂತಲ್ಲ, ಇದನ್ನು ಯಾರೂ ಬಿಡಿಸಿ ಹೇಳುವುದಿಲ್ಲ. ಅಲ್ಲಿ ಸೀಟಿಗಿಂತ ಅರ್ಜಿ ಜಾಸ್ತಿ. ಹೇವರ್ಡ್‌ನ ಈಸ್ಟ್ ಬೇಗೂ ಒಂದು ಅರ್ಜಿ ಹಾಕಿಡಿ.

ಸಾಗರದ ಹುಡುಗಿ:

ನಾನು ಯುಸಿ ಕಡೆ ಹೋದವಳು, ಹಾಗಾಗಿ ಚಿಕ್ಕದಾಗಿ ಹೇಳುತ್ತೇನೆ. ಟ್ಯಾಗ್ ಎಂಬ ಒಪ್ಪಂದ ಇದೆ. ಡೇವಿಸ್, ಅರ್ವೈನ್, ಮರ್ಸೆಡ್, ರಿವರ್‌ಸೈಡ್, ಸ್ಯಾಂಟಾ ಬಾರ್ಬರಾ, ಸ್ಯಾಂಟಾ ಕ್ರೂಜ್, ಈ ಆರರಲ್ಲಿ ಒಂದಕ್ಕೆ ಸೆಪ್ಟೆಂಬರ್ ತಿಂಗಳಲ್ಲಿ ಹಾಕಬೇಕು. ಅವರು ಕೇಳಿದ ಕ್ಲಾಸ್, ಅಂಕ ಇದ್ದರೆ ಸೀಟು ಖಾತ್ರಿ. ಬರ್ಕ್ಲಿ, ಲಾಸ್ ಏಂಜಲೀಸ್, ಸ್ಯಾನ್ ಡಿಯಾಗೊ ಇದರಲ್ಲಿಲ್ಲ. ನಾನು ಡೇವಿಸ್‌ಗೆ ಹೋದೆ.

ನನ್ನ ಸಮಯದಲ್ಲಿ ಇಂಗ್ಲಿಷ್ ಅಲ್ಲದ ಇನ್ನೊಂದು ಭಾಷೆ ಗೊತ್ತಿರಬೇಕು ಎಂಬ ಖಾನೆ ಇತ್ತು. ಜೊತೆಯವರೆಲ್ಲ ಸ್ಪ್ಯಾನಿಷ್ ಕ್ಲಾಸಿಗೆ ಹೋಗುತ್ತಿದ್ದರು. ನಿಯಮ ಓದಿದರೆ, ಆರನೇ ತರಗತಿ ಅಥವಾ ಮೇಲೆ ಎರಡು ವರ್ಷ ಬೇರೆ ಭಾಷೆಯ ಮಾಧ್ಯಮದಲ್ಲಿ ಓದಿದ್ದರೆ ಸಾಕು ಎಂದಿತ್ತು. ನಾನು ಸಾಗರದಲ್ಲಿ ಒಂಬತ್ತರವರೆಗೆ ಸರ್ಕಾರಿ ಶಾಲೆ, ಕನ್ನಡ ಮಾಧ್ಯಮ. ಚಿಕ್ಕಪ್ಪ ಶಾಲೆಗೆ ಹೋಗಿ ವ್ಯಾಸಂಗ ಪ್ರಮಾಣಪತ್ರ ಮಾಡಿಸಿ ಕಳಿಸಿದರು. ಊರಲ್ಲಿ ಕೆಪಿಎಸ್‌ಸಿ ಪರೀಕ್ಷೆಗೆ ಕನ್ನಡ ಮಾಧ್ಯಮದ ಮೀಸಲಾತಿಗೆ ಮಾಡಿಸುತ್ತಾರಲ್ಲ, ಆ ಥರದ್ದು. ಅನುವಾದ ಮಾಡಿಸಿ ಕೊಟ್ಟೆ, ಖಾನೆ ತುಂಬಿತು. ಇಲ್ಲಿಗೆ ಬಂದ ಹೊಸತರಲ್ಲಿ ಕನ್ನಡ ಮೀಡಿಯಂ ಎಂದು ಹೇಳಲು ನಾಚಿಕೆಯಾಗುತ್ತಿತ್ತು ನನಗೆ!

ಹೊಸ ಪಟ್ಟಿಯಲ್ಲಿ ಆ ಖಾನೆ ಇಲ್ಲ. ಆದರೂ ಯುಸಿಯಲ್ಲಿ ಕೆಲವು ಕಡೆ ಡಿಗ್ರಿ ಮುಗಿಸಲು ಭಾಷೆ ಕೇಳುತ್ತಾರೆ. ಕನ್ನಡ ಮಾಧ್ಯಮದವರು ಪತ್ರ ಇಟ್ಟುಕೊಂಡಿರಿ.

ಕೆ.ಆರ್. ಮೊಹಲ್ಲಾ:

ಮೈಸೂರಿನ ಟ್ರಾನ್ಸ್‌ಕ್ರಿಪ್ಟ್ ಬಗ್ಗೆ ಮಾತ್ರ. ಎಲ್ಲ ಸೆಮಿಸ್ಟರ್‌ನ ಅಂಕಪಟ್ಟಿ ಮೊದಲು ಹುಡುಕಿ ಸ್ಕ್ಯಾನ್ ಮಾಡಿಕೊಳ್ಳಿ. ವಿಶ್ವವಿದ್ಯಾನಿಲಯದ ಕಚೇರಿ ಇರುವ ಕ್ರಾಫರ್ಡ್ ಹಾಲ್‌ಗೆ ಹೋಗಿ ಬರಲು ಊರಲ್ಲಿ ಒಬ್ಬರು ಬೇಕು. ನನಗೆ ಅಪ್ಪ ಹೋದರು, ಎರಡು ಸಲ. ಊರಿನ ಓದನ್ನು ಇಲ್ಲಿನ ಲೆಕ್ಕಕ್ಕೆ ಮೌಲ್ಯಮಾಪನ ಮಾಡುವ ಸಂಸ್ಥೆಗೆ ಟ್ರಾನ್ಸ್‌ಕ್ರಿಪ್ಟ್ ವಿಶ್ವವಿದ್ಯಾನಿಲಯದಿಂದಲೇ ನೇರ ಹೋಗಬೇಕು, ನೀವು ಕವರ್ ಒಡೆದರೆ ಕೆಟ್ಟಿತು. ಆ ಸಂಸ್ಥೆಯನ್ನು ನೀವೇ ಆರಿಸಬೇಡಿ. ಯಾವುದನ್ನು ಒಪ್ಪುತ್ತಾರೆ ಎಂದು ಕಾಲೇಜಿನಲ್ಲಿ ಮೊದಲು ಕೇಳಿ. ವರದಿ 'ಕೋರ್ಸ್ ಬೈ ಕೋರ್ಸ್' ಇರಲಿ. ಅಗ್ಗದ ಒಂದು ಪುಟದ ವರದಿ ಇದಕ್ಕೆ ಬರುವುದಿಲ್ಲ. ನಾನು ಅದನ್ನೇ ಮೊದಲು ಮಾಡಿಸಿ ಎರಡು ಸಲ ದುಡ್ಡು ಕೊಟ್ಟೆ. ಆಗಸ್ಟ್ ಒಳಗೆ ಶುರು ಮಾಡಿ, ಅರ್ಜಿ ಅಕ್ಟೋಬರ್ 1ಕ್ಕೆ ತೆರೆಯುತ್ತದೆ.

ಬೇ ಏರಿಯಾ ಬಸವ:

ಅಣ್ಣನ ಮಗನಿಗೆ ಫೋನ್ ಮಾಡಿದೆ. ಅವನಿಗೂ ಎರಡು ಕ್ಲಾಸ್ ಇಲೆಕ್ಟಿವ್ ಆಗಿತ್ತಂತೆ. ನಮಗೆ ಹೇಳಿರಲಿಲ್ಲ. ತಪ್ಪಾಯ್ತು ಮೇಡಂ.

ಸಕಲೇಶಪುರದವಳು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಬಸವ ಅವರೇ, ಪರವಾಗಿಲ್ಲ.

ನಿನ್ನೆ ರಾತ್ರಿ ಮಕ್ಕಳು ಮಲಗಿದ ಮೇಲೆ ಅಸಿಸ್ಟ್ ತೆರೆದೆ. ಒಂದು ಗಂಟೆಯವರೆಗೆ ಕೂತಿದ್ದೆ. ಐದು ಕ್ಲಾಸ್ ಸರಿಯಾಗಿ ಕೂತಿವೆ. ಅಕೌಂಟಿಂಗ್ ಎರಡರ ನಡುವೆ ನೀವು ಹೇಳಿದ ಹಾಗೆ 'ಆ್ಯಂಡ್' ಇದೆ. ಕ್ವಿಕ್‌ಬುಕ್ಸ್ ಎಲ್ಲೂ ಕಾಣಲಿಲ್ಲ. ಒಂದು ಹಳೆಯ ನೋಟ್‌ಬುಕ್‌ನಲ್ಲಿ ಟಿ ಅಕೌಂಟ್ ಎಳೆದು ಎಡಗಡೆ ಬೇಕಾದ್ದು, ಬಲಗಡೆ ಆಗಿದ್ದು ಎಂದು ಬರೆದೆ. ಕೆಳಗೆ ಸಸ್ಪೆನ್ಸ್ ಅಕೌಂಟ್, 5 ಯೂನಿಟ್. ನಮ್ಮವರು ಎದ್ದು ಬಂದು ನೋಡಿ 'ಮನೆ ಖರ್ಚಿನ ಲೆಕ್ಕಾನಾ?' ಎಂದರು.

ಬಿ.ಕಾಂ ಅಂಕಪಟ್ಟಿ ಅಮ್ಮನ ಬೀರುವಿನಲ್ಲಿದೆ, ಸೀರೆ ಕೆಳಗೆ. ತಮ್ಮನಿಗೆ ಹೇಳಿದ್ದೇನೆ.

ಸ್ಪೀಚ್ ಬಗ್ಗೆ ಒಂದು ಪ್ರಶ್ನೆ ಉಳಿಯಿತು. ಸಂಜೆ ಕ್ಲಾಸ್ ತುಂಬಿಬಿಟ್ಟಿದೆ, ಆನ್‌ಲೈನ್‌ನಲ್ಲಿ ಸೀಟಿದೆ. ಅದು ನಡೆಯುತ್ತಾ?

ತಿಪಟೂರು ಕೊಬ್ಬರಿ:

ಆನ್‌ಲೈನ್ ನಡೆಯುತ್ತದೆ. ಆದರೆ ಒಬ್ಬರೇ ಕೋಣೆ ಬಾಗಿಲು ಹಾಕಿಕೊಂಡು ಗೋಡೆಗೆ ಮಾತಾಡಿ ವಿಡಿಯೋ ಕಳಿಸುವ ಹಾಗಿಲ್ಲ. ಕೇಳುವವರು ಇರಬೇಕು. ಕೆಲವು ಮೇಷ್ಟ್ರು ಜೂಮ್‌ನಲ್ಲಿ ಎಲ್ಲರನ್ನೂ ಸೇರಿಸುತ್ತಾರೆ. ಕೆಲವರು ನಾಲ್ಕೈದು ಜನ ದೊಡ್ಡವರನ್ನು ಮನೆಯಲ್ಲಿ ಕೂರಿಸಿ, ಅವರು ಕಾಣುವ ಹಾಗೆ ರೆಕಾರ್ಡ್ ಮಾಡಿ ಎನ್ನುತ್ತಾರೆ. ಮಕ್ಕಳು ಲೆಕ್ಕಕ್ಕಿಲ್ಲ. ಸಿಲಬಸ್ ಓದಿ ಸೇರಿಕೊಳ್ಳಿ.

ಸಕಲೇಶಪುರದವಳು:

ಸೇರಿಕೊಂಡೆ. ನಾಲ್ಕು ಜನ ದೊಡ್ಡವರು ಬೇಕಂತೆ. ನಮ್ಮವರು ಒಬ್ಬರು, ಪಕ್ಕದ ಮನೆ ತಮಿಳು ಆಂಟಿ ಒಬ್ಬರು. ಅತ್ತೆ ಮಾವ ಮುಂದಿನ ತಿಂಗಳು ಊರಿಂದ ಬರುತ್ತಾರೆ, ಅಲ್ಲಿಗೆ ನಾಲ್ಕಾಯಿತು. ಕೇಳುವವರಿಗೆ ಇಂಗ್ಲಿಷ್ ಬರಲೇಬೇಕು ಅಂತೇನಾದರೂ ಇದೆಯಾ?